ಏನೂ ಇಲ್ವಂತೆ

ನನ್ನ ಗಂಡ ತೀರಿಕೊಂಡ ಐದನೇ ತಿಂಗಳಿಗೆ ನಾನು ಗೋಡೌನ್ ಕೆಲಸಕ್ಕೆ ಸೇರಿದೆ. ಅವರು ಶಿವಮೊಗ್ಗ–ಭದ್ರಾವತಿ ನಡುವೆ ಓಡುವ ಖಾಸಗಿ ಬಸ್ಸೊಂದರ ಡ್ರೈವರ್ ಆಗಿದ್ದರು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಬಚ್ಚಲಿನ ಬಾಗಿಲಲ್ಲೇ ಕುಸಿದರು. ಆಟೋದಲ್ಲಿ ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾನು ಅಳಲಿಲ್ಲ. ಶಿವಗಣಾರಾಧನೆ ಮುಗಿಯುವ ತನಕ ಈಗ ಬರುತ್ತದೆ, ಆಗ ಬರುತ್ತದೆ ಎಂದು ಕಾದೆ, ಅಳು ಬರಲಿಲ್ಲ. ಬಂದ ನೆಂಟರು ನನ್ನ ಮುಖ ನೋಡಿ ‘ಗಟ್ಟಿಗಿತ್ತಿ’ ಎಂದರು. ಗಟ್ಟಿತನವೇನೂ ಅಲ್ಲ. ಹಲ್ಲು ಕೀಳಿಸಿಕೊಂಡು ಬಂದ ಮೇಲೆ ಅರ್ಧ ದಿನ ತುಟಿ ನಮ್ಮದಲ್ಲ ಅನ್ನಿಸುತ್ತದಲ್ಲ, ಹಾಗೆ ಇಡೀ ಮೈ ನನ್ನದಲ್ಲ ಅನ್ನಿಸುತ್ತಿತ್ತು.

ದುರ್ಗಿಗುಡಿಯ ಬಾಡಿಗೆ ಮನೆಯಲ್ಲಿ ಉಳಿದವರು ಅತ್ತೆ ಮತ್ತು ನಾನು. ಒಂದು ದಿನ ಅತ್ತೆಯೇ, “ಹಿಂಗೆ ಗೋಡೆ ನೋಡ್ಕೊಂಡು ಕೂತ್ರೆ ಇಬ್ರಿಗೂ ಹುಚ್ಚು ಹಿಡಿಯುತ್ತೆ. ಎಲ್ಲಾದ್ರೂ ಕೆಲಸಕ್ಕೆ ಹೋಗು ಮಾರಾಯ್ತಿ,” ಎಂದರು. ಪಕ್ಕದ ಬೀದಿಯವರೊಬ್ಬರು ಭದ್ರಾವತಿ ರಸ್ತೆಯಲ್ಲಿ ಹೊಸದಾಗಿ ದೊಡ್ಡ ಗೋಡೌನ್ ಆಗಿದೆ, ಹೆಂಗಸರನ್ನು ತೆಗೆದುಕೊಳ್ಳುತ್ತಿದ್ದಾರೆ ಎಂದಿದ್ದರು. ಕಂಪನಿಯವರು ಅದನ್ನು ವೇರ್‌ಹೌಸ್ ಎನ್ನುತ್ತಿದ್ದರು. ಉಳಿದವರಿಗೆಲ್ಲ ಅದು ಗೋಡೌನೇ. ಸೋಪು, ಬಿಸ್ಕತ್ತು, ಎಣ್ಣೆ ಡಬ್ಬಿ, ಫಿನಾಯಿಲು, ಡೈಪರು, ಹೀಗೆ ಸುತ್ತಲಿನ ತಾಲ್ಲೂಕುಗಳ ಅಂಗಡಿಗಳಿಗೆ ಹೋಗುವ ಸಾಮಾನೆಲ್ಲ ಅಲ್ಲಿಗೆ ಬಂದು, ಬಾಕ್ಸುಗಳಲ್ಲಿ ತುಂಬಿ, ಮತ್ತೆ ಲಾರಿ ಹತ್ತುತ್ತಿತ್ತು.

ನನ್ನನ್ನು ಪ್ಯಾಕಿಂಗ್ ಟೇಬಲ್ಲಿಗೆ ಹಾಕಿದರು. ಕೆಲಸ ಕಲಿಸಿದವಳು ನನಗಿಂತ ಹತ್ತು ವರ್ಷ ದೊಡ್ಡವಳಾದ ತಮಿಳು ಹೆಂಗಸು. ಭದ್ರಾವತಿಯ ಹಳೆಯ ಕಾರ್ಮಿಕರ ಕೇರಿಯವಳು. ಅವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು, ನಾನೂ ಅಕ್ಕ ಎಂದೆ. ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯಲ್ಲಿ. ಅಪ್ಪ ಅಲ್ಲಿನ ಕಾರ್ಖಾನೆಯಲ್ಲಿ ಫಿಟ್ಟರ್; ನಮ್ಮ ಕ್ವಾರ್ಟರ್ಸಿನ ಒಂದು ಕಡೆಯ ಗೋಡೆಯಾಚೆ ತಮಿಳು, ಇನ್ನೊಂದು ಕಡೆ ತೆಲುಗು. ಹಾಗಾಗಿ ಎರಡೂ ಭಾಷೆ ನನಗೆ ಓದಿಕೊಂಡು ಬಂದದ್ದಲ್ಲ, ಆಡಿಕೊಂಡು ಬಂದದ್ದು. ಮೊದಲ ದಿನವೇ ಅಕ್ಕನ ಜೊತೆ ತಮಿಳಿನಲ್ಲಿ ಮಾತಾಡಿದೆ. ಅವಳು ಟೇಪ್ ಕತ್ತರಿಸುತ್ತಿದ್ದವಳು ನಿಲ್ಲಿಸಿ ನನ್ನ ಮುಖ ನೋಡಿದಳು. ಆಮೇಲಿಂದ ನಾನು ಅವಳಿಗೆ ‘ತಂಗಚ್ಚಿ’. ಚಿಕ್ಕ ತಂಗಿ.

ಅಕ್ಕನ ಕೈಯ ವೇಗ ಯಾರಿಗೂ ಇರಲಿಲ್ಲ. ಬಾಕ್ಸ್ ಬಿಡಿಸುವುದು, ಸಾಮಾನು ಕೂರಿಸುವುದು, ಮುಚ್ಚುವುದು, ಟೇಪ್ ಎಳೆಯುವುದು, ಬೆಲ್ಟಿನ ಮೇಲೆ ದೂಡುವುದು. ಬೆಲ್ಟು ಎಂದರೆ ನಮ್ಮ ಟೇಬಲ್ಲುಗಳಿಂದ ಲಾರಿ ಬಾಗಿಲಿನ ತನಕ ತಾನಾಗಿ ಓಡುವ ಉದ್ದನೆಯ ಪಟ್ಟಿ. ಅಕ್ಕ ಆರು ವರ್ಷ ಬೇರೆ ಬೇರೆ ಗೋಡೌನುಗಳಲ್ಲಿ ಇದೇ ಕೆಲಸ ಮಾಡಿದ್ದಳು. ಲೈನ್ ಲೀಡರ್ ಆಗಬೇಕೆಂಬುದು ಅವಳ ಆಸೆ. ಹಳದಿ ಕೋಟು ಹಾಕಿಕೊಂಡು ಕೈಯಲ್ಲಿ ಕಾಗದ ಹಿಡಿದು ಓಡಾಡುವ ಕೆಲಸ ಅದು. “ಒಂದ್ಸಲ ಆ ಕೋಟು ಹಾಕ್ಕೊಂಡು ಮನೆಗೆ ಹೋಗಬೇಕು,” ಎನ್ನುತ್ತಿದ್ದಳು.

ನಾನು ಸೇರಿ ಎಂಟು ತಿಂಗಳಾಗಿರಬೇಕು, ಮ್ಯಾನೇಜರ್ ಒಂದು ಬೆಳಿಗ್ಗೆ ನಮ್ಮನ್ನೆಲ್ಲ ಲಾರಿ ಬಾಗಿಲ ಹತ್ತಿರ ನಿಲ್ಲಿಸಿದರು. ಪಕ್ಕದಲ್ಲಿ ಮೂವತ್ತರ ಆಸುಪಾಸಿನ ಒಬ್ಬ ಹುಡುಗಿ ನಿಂತಿದ್ದಳು. ಕ್ಯಾನ್ವಾಸ್ ಶೂ, ಕುರ್ತಾ, ಕೈಯಲ್ಲಿ ಒಂದು ಸಾದಾ ನೋಟ್‌ಬುಕ್.

“ಇವರು ಬೆಂಗಳೂರಿಂದ ಬಂದಿದ್ದಾರೆ. ನಮ್ಮ ಕೆಲಸ ಹೆಂಗೆ ನಡೆಯುತ್ತೆ ನೋಡ್ತಾರೆ. ಯೂಸರ್ ರಿಸರ್ಚ್ ಅಂತಾರೆ ಇದಕ್ಕೆ,” ಎಂದರು ಮ್ಯಾನೇಜರ್.

ಲೋಡಿಂಗಿನ ಒಬ್ಬ ಗಂಡಸು ಕೇಳಿದ. “ಯೂಸರ್ ಅಂದ್ರೆ ಯಾರು ಸಾರ್?”

“ನೀವೇ ಕಣ್ರೀ. ಈ ಗೋಡೌನ್ ಬಳಸೋರು ನೀವು ತಾನೆ?”

ಅಕ್ಕ ನನ್ನ ಕಿವಿಯಲ್ಲಿ ತಮಿಳಿನಲ್ಲಿ, “ನಾವು ಬಳಸೋರಾ? ನಾನು ನಮ್ಮನ್ನ ಬಳಸ್ತಿದ್ದಾರೆ ಅಂದ್ಕೊಂಡಿದ್ದೆ,” ಎಂದಳು. ಸುತ್ತಲಿದ್ದ ನಾಲ್ಕೈದು ತಮಿಳು ಹೆಂಗಸರು ನಕ್ಕರು. ನನಗೂ ನಗು ಬರಬೇಕಿತ್ತು.

ಮೊದಲ ಮೂರು ದಿನ ಆ ಹುಡುಗಿ, ನಾವೆಲ್ಲ ಅವಳನ್ನು ಮೇಡಂ ಎಂದೇ ಕರೆದೆವು, ಸುಮ್ಮನೆ ಒಂದೊಂದು ಕಡೆ ನಿಂತು ನೋಡಿದಳು. ಯಾರೂ ಬಾಯಿ ಬಿಡಲಿಲ್ಲ. ನಿಧಾನ ಇರುವವರನ್ನು ಹುಡುಕಿ ತೆಗೆಯಲು ಬಂದಿದ್ದಾಳೆ ಎಂಬುದು ಎಲ್ಲರ ಅಂದಾಜು. ಅವಳು ಬಂದು ನಿಂತರೆ ಸಾಕು, ಕೈಗಳೆಲ್ಲ ಚುರುಕಾಗುತ್ತಿದ್ದವು. ಅವಳು ಅತ್ತ ಹೋದರೆ ಎಲ್ಲರೂ ಉಸಿರು ಬಿಡುತ್ತಿದ್ದರು. ನಾಲ್ಕನೇ ದಿನ ಕ್ಯಾಂಟೀನಿನಲ್ಲಿ ನನ್ನ ಎದುರು ಬಂದು ಕೂತಳು.

“ನಾನು ಕನ್ನಡದಲ್ಲಿ ಕೇಳಿದ್ರೆ ಎಲ್ಲರೂ ‘ಚೆನ್ನಾಗಿದೆ ಮೇಡಂ’ ಅಂತಾರೆ. ನಾನು ಆಚೆ ಹೋದ ತಕ್ಷಣ ತಮಿಳಲ್ಲಿ, ತೆಲುಗಲ್ಲಿ ಏನೇನೋ ಮಾತಾಡ್ಕೋತಾರೆ. ನಿಮಗೆ ಎರಡೂ ಬರುತ್ತಂತೆ. ದಿನಕ್ಕೆ ಎರಡು ಗಂಟೆ ನನ್ನ ಜೊತೆ ಓಡಾಡ್ತೀರಾ? ಮ್ಯಾನೇಜರ್ ಒಪ್ಪಿದ್ದಾರೆ.”

ಆಗಲಿ ಎಂದೆ. ಯಾಕೆ ಒಪ್ಪಿದೆ ಎಂದರೆ ಕಾರಣವಿಲ್ಲ. ಆ ದಿನಗಳಲ್ಲಿ ಯಾರು ಏನು ಕೇಳಿದರೂ ಆಗಲಿ ಎನ್ನುತ್ತಿದ್ದೆ.

ಹಾಗೆ ನಾನು ಮಾತು ದಾಟಿಸುವವಳಾದೆ. ಮೇಡಂ ಕನ್ನಡದಲ್ಲಿ ಕೇಳುವುದು, ನಾನು ತಮಿಳಿಗೋ ತೆಲುಗಿಗೋ ದಾಟಿಸುವುದು, ಬಂದ ಉತ್ತರವನ್ನು ಕನ್ನಡಕ್ಕೆ ತರುವುದು. ಈ ಕೆಲಸಕ್ಕೆ ನಾನು ತಕ್ಕವಳು ಎಂದು ಎರಡೇ ದಿನಕ್ಕೆ ಗೊತ್ತಾಯಿತು. ಅವರ ಸಿಟ್ಟು, ದೂರು, ಅಳು ನನ್ನ ಬಾಯಿಂದ ಹಾದು ಹೋಗುತ್ತಿತ್ತು, ನನ್ನಲ್ಲಿ ಏನೂ ಉಳಿಯುತ್ತಿರಲಿಲ್ಲ. ಒಬ್ಬಳು ಮಗು ಬಿಟ್ಟು ಬರುವ ಸಂಕಟ ಹೇಳಿಕೊಂಡು ಅತ್ತಳು. ನಾನು ಆ ಮಾತುಗಳನ್ನು ಒಂದೂ ಬಿಡದೆ ಕನ್ನಡದಲ್ಲಿ ಹೇಳಿದೆ. ಮೇಡಂ ಬರೆಯುವುದು ನಿಲ್ಲಿಸಿ ನನ್ನನ್ನೇ ನೋಡಿದಳು.

ಮೇಡಂ ಕೇಳುತ್ತಿದ್ದ ರೀತಿ ಬೇರೆ. “ಕೆಲಸ ಕಷ್ಟಾನಾ?” ಎಂದು ಒಮ್ಮೆಯೂ ಕೇಳಲಿಲ್ಲ. “ಈಗ ಆ ಟ್ರಾಲಿಯನ್ನ ಎಡಕ್ಕೆ ಎಳೆದ್ರಲ್ಲ, ಯಾಕೆ?” “ನೀರಿನ ಬಾಟಲಿ ತುಂಬಿದ ಹಾಗೇ ಇದೆಯಲ್ಲ, ಬೆಳಗಿಂದ ಕುಡಿದಿಲ್ವಾ?” ಹೀಗೆ ಸಣ್ಣ ಸಣ್ಣದು. ಟ್ರಾಲಿಯ ಒಂದು ಚಕ್ರ ನೆಲದ ಬಿರುಕಿನಲ್ಲಿ ಸಿಕ್ಕಿಕೊಳ್ಳುತ್ತದೆ, ಅದಕ್ಕೆ ಎಲ್ಲರೂ ಸುತ್ತುಹಾಕಿ ಹೋಗುತ್ತಾರೆ ಎಂದು ಹೊರಬಿತ್ತು. ಹೆಂಗಸರು ನೀರು ಕುಡಿಯುವುದಿಲ್ಲ, ಯಾಕೆಂದರೆ ಶೌಚಾಲಯಕ್ಕೆ ಫೋರ್ಕ್‌ಲಿಫ್ಟ್ ಗಾಡಿ ತಿರುಗುವ ಮೂಲೆ ದಾಟಿ ಹೋಗಬೇಕು. ಆ ಮೂಲೆಯಲ್ಲಿ ಗಾಡಿ ಬರುವುದು ಕಾಣುವುದಿಲ್ಲ. ಎಣ್ಣೆ ಡಬ್ಬಿಗಳು ಮೇಲಿನ ರ‍್ಯಾಕಿನಲ್ಲಿವೆ, ಏಣಿ ಇನ್ನೊಂದು ತುದಿಯಲ್ಲಿದೆ, ತರಲು ಹೋದರೆ ಹೊತ್ತಾಗುತ್ತದೆ. ಅದಕ್ಕೆ ಜನ ಕೆಳಗಿನ ಹಲಗೆಯ ಮೇಲೆ ಕಾಲಿಟ್ಟು ಹತ್ತುತ್ತಾರೆ.

ಒಂದು ಮಧ್ಯಾಹ್ನ ಅವಳು ಕ್ಯಾಂಟೀನಿನ ಮೇಜಿನ ಮೇಲೆ ಇಪ್ಪತ್ತು ಮೂವತ್ತು ಖಾಲಿ ಸೋಪಿನ ಪೆಟ್ಟಿಗೆ ಸುರಿದಳು. “ಇದೇ ಗೋಡೌನ್ ಅಂದ್ಕೊಳ್ಳಿ. ನಿಮಗೆ ಬೇಕಾದ ಹಾಗೆ ಜೋಡಿಸಿ,” ಎಂದಳು. ಮೊದಲು ಯಾರೂ ಮುಟ್ಟಲಿಲ್ಲ. ಆಮೇಲೆ ಅಕ್ಕ ಒಂದು ಪೆಟ್ಟಿಗೆ ತೆಗೆದು ಪ್ಯಾಕಿಂಗ್ ಟೇಬಲ್ಲಿನ ಪಕ್ಕಕ್ಕೆ ಇಟ್ಟಳು. “ಇದು ಬಿಸ್ಕತ್ತು. ಇಡೀ ದಿನ ಇದೇ ಓಡೋದು, ಇದನ್ನ ತಂದು ಆ ತುದೀಲಿ ಇಟ್ಟಿದ್ದಾರೆ,” ಎಂದಳು. ಹೂಂ ಎಂದು ಇನ್ನೊಬ್ಬಳು ಎಣ್ಣೆಯನ್ನು ಕೆಳಗಿಳಿಸಿದಳು. ಅರ್ಧ ಗಂಟೆಯಲ್ಲಿ ಜಗಳವೇ ಶುರುವಾಯಿತು. ಫಿನಾಯಿಲು ಎಲ್ಲಿರಬೇಕು ಎಂದು ಲೋಡಿಂಗಿನವರೂ ಪ್ಯಾಕಿಂಗಿನವರೂ ಕೂಗಾಡಿದರು. ಮೂರು ಭಾಷೆಯ ಕೂಗಾಟದಲ್ಲಿ ನಾನು ಯಾವುದನ್ನು ದಾಟಿಸಲಿ ಎಂದು ತಿಳಿಯದೆ ಕೂತೆ. ಮೇಡಂ ನಗುತ್ತಾ, “ಬಿಡಿ, ಅವರ ಕೈ ನೋಡಿದ್ರೇ ಅರ್ಥ ಆಗ್ತಿದೆ,” ಎಂದಳು.

ಬೆಲ್ಟಿನ ವಿಷಯವೂ ಆ ವಾರವೇ ಬಂದದ್ದು. ಬೆಲ್ಟಿನ ಕೊನೆಯಲ್ಲಿ ತಿರುಗುವ ರೋಲರಿಗೆ ಟೇಪಿನ ಚೂರುಗಳು ಅಂಟಿಕೊಳ್ಳುತ್ತವೆ. ಅಂಟಿದರೆ ಬಾಕ್ಸ್ ಓರೆಯಾಗಿ ಕೆಳಗೆ ಬೀಳುತ್ತದೆ. ಅದಕ್ಕೆ ಯಾರು ಹತ್ತಿರ ಇರುತ್ತಾರೋ ಅವರು ಬೆಲ್ಟು ಓಡುತ್ತಿರುವಾಗಲೇ ಬೆರಳಲ್ಲಿ ಟೇಪನ್ನು ಕಿತ್ತು ತೆಗೆಯುತ್ತಿದ್ದರು. ಮೇಡಂ ಅದನ್ನು ಮೊದಲ ಸಲ ನೋಡಿದಾಗ ಬಾಯಿಗೆ ಕೈ ಅಡ್ಡ ಹಿಡಿದಳು.

“ಬೆಲ್ಟ್ ನಿಲ್ಲಿಸಿ ತೆಗೀಬಾರದಾ?”

“ಗುಂಡಿ ಅಲ್ಲಿದೆಯಲ್ಲ,” ಎಂದಳು ಅಕ್ಕ, ಗದ್ದದಲ್ಲಿ ತೋರಿಸಿ. ನಿಲ್ಲಿಸುವ ಕೆಂಪು ಗುಂಡಿ ಸೂಪರ್‌ವೈಸರ್ ಮೇಜಿನ ಪಕ್ಕದ ಕಂಬದ ಮೇಲಿತ್ತು. ಮೇಡಂ ರೋಲರಿನಿಂದ ಅಲ್ಲಿಗೆ ನಡೆದು ನೋಡಿದಳು. ಹನ್ನೆರಡು ಹೆಜ್ಜೆ. ಒತ್ತಿದರೆ ಇಡೀ ಸಾಲಿನ ಕೆಲಸ ನಿಲ್ಲುತ್ತದೆ, ಯಾಕೆ ನಿಲ್ಲಿಸಿದೆ ಎಂದು ಸೂಪರ್‌ವೈಸರ್ ಎಲ್ಲರೆದುರು ಕೇಳುತ್ತಾರೆ. ಹಾಗಾಗಿ ಯಾರೂ ಒತ್ತುತ್ತಿರಲಿಲ್ಲ. ಮೇಡಂ ಅದನ್ನು ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದಳು.

ಅಕ್ಕನ ಕೈಯ ವಿಷಯ ನನಗೆ ಗೊತ್ತಾದದ್ದು ಚಹಾದಿಂದ. ಕ್ಯಾಂಟೀನಿನ ಸ್ಟೀಲ್ ಲೋಟ ಸುಡುಸುಡು ಇರುತ್ತಿತ್ತು. ನಾವೆಲ್ಲ ಸೆರಗಿನಲ್ಲೋ ದುಪಟ್ಟಾದಲ್ಲೋ ಹಿಡಿಯುತ್ತಿದ್ದೆವು. ಅಕ್ಕ ಬರಿಗೈಯಲ್ಲಿ ಲೋಟ ಸುತ್ತಿ ಹಿಡಿದು ಕೂತಿದ್ದಳು. “ಸುಡಲ್ವಾ ಅಕ್ಕ?” ಎಂದೆ. ಅವಳು ಕೈಯತ್ತ ನೋಡಿ ಲೋಟ ಕೆಳಗಿಟ್ಟಳು. ಬೆರಳು ಕೆಂಪಾಗಿದ್ದವು.

ಆ ಸಂಜೆ ಬಸ್ ಸ್ಟಾಪಿನಲ್ಲಿ ಹೇಳಿದಳು. ಹೆಬ್ಬೆರಳು, ತೋರುಬೆರಳು, ನಡುಬೆರಳು, ಈ ಮೂರೂ ಒಂದು ವರ್ಷದಿಂದ ಜೋಮು ಹಿಡಿದ ಹಾಗಿವೆ. ಮೊದಲು ಬೆಳಿಗ್ಗೆ ಎದ್ದಾಗ ಮಾತ್ರ ಇತ್ತು, ಕೈ ಕೊಡವಿದರೆ ಹೋಗುತ್ತಿತ್ತು. ಈಗ ಕೊಡವಿದರೂ ಹೋಗುವುದಿಲ್ಲ. ರವಿಕೆಯ ಹುಕ್ಕು ಹಾಕಿಕೊಳ್ಳಲು ಸೊಸೆಯನ್ನು ಕರೆಯಬೇಕು. ಟೇಪ್ ಎಳೆಯುವುದು ಮಾತ್ರ ರೂಢಿಯ ಮೇಲೆ ನಡೆಯುತ್ತಿದೆ.

“ಡಾಕ್ಟ್ರಿಗೆ ತೋರ್ಸಿದ್ಯಾ?”

“ತೋರಿಸಿದ್ರೆ ರೆಸ್ಟ್ ಅಂತಾರೆ. ಲೀಡರ್ ಜಾಗಕ್ಕೆ ನನ್ನ ಹೆಸರು ಹೋಗಿದೆ. ಈಗ ಕೈ ಸರಿ ಇಲ್ಲ ಅಂದ್ರೆ?” ನನ್ನ ಮಣಿಕಟ್ಟು ಹಿಡಿದುಕೊಂಡಳು. ಅವಳ ಹಿಡಿತ ಎಷ್ಟು ಸಡಿಲವಿತ್ತೆಂದರೆ ಹಿಡಿದಿದ್ದಾಳೆಂದೇ ಅನ್ನಿಸಲಿಲ್ಲ. “ಆ ಮೇಡಂಗೆ ಸೊಲ್ಲಾದೆ, ತಂಗಚ್ಚಿ.” ಹೇಳಬೇಡ.

ಹೇಳಲ್ಲ ಎಂದೆ.

ಎರಡು ದಿನ ಬಿಟ್ಟು ಮೇಡಂ ಅಕ್ಕನ ಜೊತೆ ಮಾತಾಡಲು ಬಂದಳು. ಬೆಲ್ಟಿನ ಸದ್ದು ಜಾಸ್ತಿ ಎಂದು ಸೂಪರ್‌ವೈಸರ್ ಮೇಜಿನ ಹತ್ತಿರ ನಿಂತೆವು. ಅವರು ಕಂಪ್ಯೂಟರ್ ನೋಡುತ್ತಾ ಕೂತಿದ್ದರು.

“ಇಷ್ಟು ವರ್ಷ ಇದೇ ಕೆಲಸ ಮಾಡಿದ್ದಾರೆ. ಕೈಯಲ್ಲಿ, ಭುಜದಲ್ಲಿ ಏನಾದ್ರೂ ತೊಂದರೆ ಇದೆಯಾ, ಕೇಳಿ,” ಎಂದಳು ಮೇಡಂ.

ಅಕ್ಕನಿಗೆ ಅಷ್ಟು ಕನ್ನಡ ಅರ್ಥವಾಗುತ್ತಿತ್ತು. ಆದರೂ ನಾನು ತಮಿಳಿನಲ್ಲಿ ಕೇಳಿದೆ. ಅಕ್ಕ ನನ್ನ ಕಣ್ಣನ್ನೇ ನೋಡುತ್ತಾ, “ನಿನಗೆ ಗೊತ್ತಲ್ಲ. ಏನೂ ಇಲ್ಲ ಅನ್ನು,” ಎಂದಳು.

ನಾನು ಮೇಡಂ ಕಡೆ ತಿರುಗಿದೆ. “ಏನೂ ಇಲ್ವಂತೆ.”

ಮೇಡಂ ಬರೆದುಕೊಂಡಳು. ಅಷ್ಟೇ ಆದದ್ದು. ಸುಳ್ಳು ಹೇಳಿದೆ ಎಂದು ಆಗ ಅನ್ನಿಸಲಿಲ್ಲ. ಅಕ್ಕ ಹೇಳು ಎಂದದ್ದನ್ನೇ ಹೇಳಿದ್ದೆ, ದಾಟಿಸುವವಳ ಕೆಲಸ ಅದೇ ತಾನೆ. ಅಂದು ಮನೆಗೆ ಹೋಗಿ ಅತ್ತೆಗೆ ರೊಟ್ಟಿ ಬಡಿದುಕೊಟ್ಟು, ಚೆನ್ನಾಗಿ ನಿದ್ದೆ ಮಾಡಿದೆ.

ಮೇಡಂ ಮೂರು ವಾರ ಇದ್ದು ಹೋದಳು. ಒಂದು ತಿಂಗಳಿಗೆ ಗೋಡೌನು ಬದಲಾಗತೊಡಗಿತು. ಬಿಸ್ಕತ್ತು, ಸೋಪು ಟೇಬಲ್ಲುಗಳ ಹತ್ತಿರ ಬಂದವು. ಎಣ್ಣೆ ಡಬ್ಬಿಗಳು ಸೊಂಟದೆತ್ತರಕ್ಕೆ ಇಳಿದವು. ನೆಲದ ಬಿರುಕಿಗೆ ಸಿಮೆಂಟು ಬಿತ್ತು. ಫೋರ್ಕ್‌ಲಿಫ್ಟ್ ತಿರುಗುವ ಮೂಲೆಗೆ ಗುಂಡನೆಯ ಕನ್ನಡಿ ಹಾಕಿದರು, ನಡೆಯುವವರಿಗೆ ಹಳದಿ ಗೆರೆ ಎಳೆದರು. ಹೆಂಗಸರು ನೀರು ಕುಡಿಯತೊಡಗಿದರು. “ಸೋಪಿನ ಪೆಟ್ಟಿಗೆ ಆಟ ಆಡಿಸಿದ್ದು ಸುಮ್ನೆ ಅಲ್ಲ ಮಾರಾಯ,” ಎಂದು ಲೋಡಿಂಗಿನವರು ಮಾತಾಡಿಕೊಂಡರು. ನಿಜವಾಗಿಯೂ ಕಾಲುಗಳಿಗೆ ಸುಖವಾಗಿತ್ತು. ಬೆಲ್ಟಿನ ಗುಂಡಿಯನ್ನು ಮಾತ್ರ ಸರಿಸಿರಲಿಲ್ಲ. ಅದಕ್ಕೆ ಎಲೆಕ್ಟ್ರಿಷಿಯನ್ ಹೊರಗಿನಿಂದ ಬರಬೇಕು, ಒಂದು ದಿನ ಬೆಲ್ಟ್ ನಿಲ್ಲಿಸಬೇಕು, ಮುಂದಿನ ತಿಂಗಳು ನೋಡೋಣ ಎಂದಿದ್ದರು ಮ್ಯಾನೇಜರ್.

ನಡೆಯುವುದು ಕಡಿಮೆಯಾದ್ದರಿಂದ ಹೊತ್ತು ಉಳಿಯಿತು. ಉಳಿದ ಹೊತ್ತಿಗೆ ಲೆಕ್ಕ ಬಂತು. ಗಂಟೆಗೆ ಇಷ್ಟು ಬಾಕ್ಸ್ ಎಂದಿದ್ದದ್ದನ್ನು ಜಾಸ್ತಿ ಮಾಡಿ ಬೋರ್ಡಿಗೆ ಅಂಟಿಸಿದರು. ಯಾರೂ ಜಗಳ ಮಾಡಲಿಲ್ಲ, ಯಾಕೆಂದರೆ ಕೆಲಸ ಸಲೀಸಾಗಿದ್ದು ನಿಜ. ಕಾಲಿಗೆ ಸಿಕ್ಕ ಬಿಡುವೆಲ್ಲ ಕೈಗೆ ಹೊರೆಯಾಗಿ ಬಂದಿದೆ ಎಂದು ನಮಗೆ ತಕ್ಷಣ ಹೊಳೆಯಲಿಲ್ಲ. ಸಂಜೆಯ ಹೊತ್ತಿಗೆ ಎಲ್ಲರೂ ಬೆರಳು ನೀವಿಕೊಳ್ಳುತ್ತಿದ್ದರು. ಅಕ್ಕ ಮಾತ್ರ ನೀವಿಕೊಳ್ಳುತ್ತಿರಲಿಲ್ಲ.

ಅವತ್ತು ಊಟದ ನಂತರ ಬೆಲ್ಟ್ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ಅಕ್ಕ ಕೊನೆಯ ಟೇಬಲ್ಲಿನಲ್ಲಿದ್ದಳು, ನಾನು ಅವಳ ಪಕ್ಕ. ರೋಲರಿಗೆ ಟೇಪ್ ಅಂಟಿ ಒಂದು ಬಾಕ್ಸ್ ಓರೆಯಾಯಿತು. ಅಕ್ಕ ಎಂದಿನಂತೆ ಎಡಗೈಯಲ್ಲಿ ಬಾಕ್ಸ್ ತಡೆದು ಬಲಗೈಯಲ್ಲಿ ಟೇಪ್ ಕೀಳಲು ಹೋದಳು. ಬೇರೆಯವರಾಗಿದ್ದರೆ ಬೆಲ್ಟಿನ ರಬ್ಬರ್ ತಗುಲಿದ ಕೂಡಲೇ ಕೈ ತಾನಾಗಿ ಹಿಂದಕ್ಕೆ ಬರುತ್ತಿತ್ತು. ಅವಳ ಕೈ ಬರಲಿಲ್ಲ. ಅವಳು ಕಿರುಚಲೂ ಇಲ್ಲ. ಬಗ್ಗಿ ನೋಡಿ, ತಮಿಳಿನಲ್ಲಿ, ತೀರಾ ಸಾಮಾನ್ಯ ದನಿಯಲ್ಲಿ, “ಕೈ ಬರ್ತಿಲ್ಲ,” ಎಂದಳು. ಆಮೇಲೆ ರಟ್ಟಿನ ಮೇಲೆ ರಕ್ತ ಕಂಡಿತು.

ನಾನು ಓಡಿದೆ. ಹನ್ನೆರಡು ಹೆಜ್ಜೆಯನ್ನೂ ಎಣಿಸಿದೆ. ಎಣಿಸಬೇಕೆಂದುಕೊಂಡಿರಲಿಲ್ಲ, ಎಣಿಕೆ ತಾನಾಗಿ ನಡೆಯಿತು. ಗುಂಡಿ ಒತ್ತಿದೆ. ಬೆಲ್ಟು ನಿಂತಿತು. ಸೂಪರ್‌ವೈಸರ್ ತಲೆಯೆತ್ತಿ, “ಯಾಕಮ್ಮ ನಿಲ್ಸಿದ್ದು?” ಎಂದರು.

ಅಕ್ಕನ ತೋರುಬೆರಳಿನ ಮತ್ತು ನಡುಬೆರಳಿನ ತುದಿ ಹೋದವು. ಅವಳನ್ನು ಕಂಪನಿಯ ಕಾರಿನಲ್ಲಿ ಶಿವಮೊಗ್ಗದ ಆಸ್ಪತ್ರೆಗೆ ಕರೆದೊಯ್ದರು, ಜೊತೆಗೆ ಸೂಪರ್‌ವೈಸರ್ ಹೋದರು. ನನಗೆ ಹೋಗಲು ಬಿಡಲಿಲ್ಲ. ಅರ್ಧ ಗಂಟೆಯಲ್ಲಿ ರೋಲರ್ ತೊಳೆದು ಬೆಲ್ಟ್ ಮತ್ತೆ ಓಡಿಸಿದರು. ಹೇಳಲು ನಾಚಿಕೆಯಾಗುತ್ತದೆ, ನಾನು ನನ್ನ ಟೇಬಲ್ಲಿಗೆ ಬಂದು ಬಾಕ್ಸ್ ಬಿಡಿಸಿದೆ. ಸಂಜೆಯ ತನಕ ಪ್ಯಾಕ್ ಮಾಡಿದೆ. ಅಂದಿನ ನನ್ನ ಎಣಿಕೆ ಬೋರ್ಡಿನಲ್ಲಿ ಹೇಳಿದ್ದಕ್ಕಿಂತ ಹೆಚ್ಚೇ ಇತ್ತು.

ಮರುದಿನ ಮ್ಯಾನೇಜರ್ ನನ್ನನ್ನು ಕರೆದು ಒಂದು ಕಾಗದ ಮುಂದಿಟ್ಟರು. ನಡೆದದ್ದನ್ನು ಅದರಲ್ಲಿ ಬರೆದಿತ್ತು. ಕೊನೆಯಲ್ಲಿ ಕಾರಣ ಎಂಬ ಕಡೆ ‘ಕೆಲಸಗಾರ್ತಿಯ ಅಜಾಗರೂಕತೆ’ ಎಂದಿತ್ತು.

“ನೀನು ಪಕ್ಕದಲ್ಲೇ ಇದ್ಯಲ್ಲಮ್ಮ, ಒಂದು ಸೈನ್ ಹಾಕು. ಓಡೋ ಬೆಲ್ಟಿಗೆ ಕೈ ಹಾಕಬಾರದು ಅಂತ ಅಷ್ಟು ದಪ್ಪ ಅಕ್ಷರದಲ್ಲಿ ಬೋರ್ಡ್ ಹಾಕಿದ್ದೀವಿ.”

ಪೆನ್ನು ಕೈಯಲ್ಲಿ ಹಿಡಿದೆ. ಸೈನ್ ಹಾಕುವವಳೇ ಇದ್ದೆ. ಆ ಪದವನ್ನು ಅಕ್ಕನಿಗೆ ತಮಿಳಿನಲ್ಲಿ ಹೇಗೆ ಹೇಳುವುದು ಎಂದು ಸುಮ್ಮನೆ ಒಂದು ಯೋಚನೆ ಬಂತು. ಪದವೇನೋ ಗೊತ್ತಿತ್ತು. ಅವಳ ಮುಖ ನೋಡಿಕೊಂಡು ಅದನ್ನು ಹೇಳುವುದು ಸಾಧ್ಯವೆನಿಸಲಿಲ್ಲ.

“ನಾಳೆ ಹಾಕ್ತೀನಿ ಸಾರ್,” ಎಂದೆ.

“ನಾಳೆ ಯಾಕೆ?”

“ನಾಳೆ ಹಾಕ್ತೀನಿ.”

ಮರುದಿನಕ್ಕೆ ಮೇಡಂ ಬಂದಳು. ಅಪಘಾತದ ಸುದ್ದಿ ಕೇಳಿ ಬೆಳಗಿನ ಟ್ರೇನಿಗೆ ಬಂದಿದ್ದಳು. ನನ್ನನ್ನು ಗೇಟಿನ ಹೊರಗಿನ ಚಹಾ ಅಂಗಡಿಗೆ ಕರೆದುಕೊಂಡು ಹೋದಳು. ನೋಟ್‌ಬುಕ್ ತೆಗೆಯಲಿಲ್ಲ.

“ಅವರು ಕೈ ಎಳ್ಕೊಳ್ಳಲಿಲ್ಲ ಅಂತ ಎಲ್ಲರೂ ಹೇಳ್ತಿದ್ದಾರೆ. ನನಗೆ ಅದು ಅರ್ಥ ಆಗ್ತಿಲ್ಲ,” ಎಂದಳು.

ಅಕ್ಕನಿಗೆ ಕೊಟ್ಟ ಮಾತು ನೆನಪಿತ್ತು. ಕಾಗದದ ಮೇಲಿನ ಪದವೂ ನೆನಪಿತ್ತು. ಹೇಳದಿದ್ದರೆ ಅವಳು ಅಜಾಗರೂಕಳು. ಹೇಳಿದರೆ ಕೈ ಕೆಟ್ಟವಳು. ಯಾವುದು ಸರಿ ಎಂದು ತೂಗಿ ನೋಡಿದೆ ಎಂದು ಈಗ ಬರೆದರೆ ಅದು ಸುಳ್ಳಾಗುತ್ತದೆ. ಬಾಯಿ ಬಿಟ್ಟೆ, ಮಾತು ಬಂತು.

“ಅವಳ ಬೆರಳಿಗೆ ಸ್ಪರ್ಶ ಇರಲಿಲ್ಲ ಮೇಡಂ. ವರ್ಷದಿಂದ ಜೋಮು. ಅವತ್ತು ನೀವು ಕೇಳಿದಾಗ ಏನೂ ಇಲ್ಲ ಅಂದೆನಲ್ಲ, ಅವಳು ಹಾಗೆ ಹೇಳು ಅಂದಿದ್ಲು. ನನಗೆ ಮುಂಚೆನೇ ಗೊತ್ತಿತ್ತು.”

ಮೇಡಂ ಚಹಾದ ಲೋಟವನ್ನು ಬೆಂಚಿನ ಮೇಲಿಟ್ಟಳು. ರಸ್ತೆಯಲ್ಲಿ ಲಾರಿಗಳು ಹೋಗುತ್ತಿದ್ದವು. ಅವಳು ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು.

“ಸೂಪರ್‌ವೈಸರ್ ಮೇಜಿನ ಪಕ್ಕ ನಿಲ್ಲಿಸಿಕೊಂಡು ಕೇಳಿದವಳು ನಾನು,” ಎಂದಳು ಕೊನೆಗೆ. “ಅಲ್ಲಿ ಯಾರು ಹೇಳ್ತಾರೆ?” “ಗಂಟೆಯ ಲೆಕ್ಕ ಜಾಸ್ತಿ ಮಾಡ್ತಾರೆ ಅಂತಾನೂ ನಾನು ಯೋಚನೆ ಮಾಡಿರಲಿಲ್ಲ,” ಎಂದಳು.

ಅವಳು ಮ್ಯಾನೇಜರ್ ಕೋಣೆಯಲ್ಲಿ ಎರಡು ಗಂಟೆ ಇದ್ದಳು. ದನಿ ಏರಿದ್ದು ಹೊರಗೂ ಕೇಳಿಸಿತು. ತನ್ನ ಹಳೆಯ ವರದಿಯಲ್ಲಿ ಗುಂಡಿಯ ಬಗ್ಗೆ ಬರೆದಿದ್ದ ಪುಟವನ್ನು ತೋರಿಸಿದಳಂತೆ. ಆಸ್ಪತ್ರೆಯ ಡಾಕ್ಟರು ಅಕ್ಕನ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ, ಒಂದೇ ಕೆಲಸ ವರ್ಷಗಟ್ಟಲೆ ಮಾಡಿದ್ದರಿಂದ ಹೀಗಾಗಿದೆ ಎಂದು ಬರೆದುಕೊಟ್ಟರು. ನಾನು ಸೈನ್ ಹಾಕಬೇಕಿದ್ದ ಕಾಗದವನ್ನು ಹರಿದುಹಾಕಿದರು. ಹೊಸ ಕಾಗದದಲ್ಲಿ ‘ಅಜಾಗರೂಕತೆ’ ಇರಲಿಲ್ಲ. ಚಿಕಿತ್ಸೆಯ ಹೊಣೆ ಕಂಪನಿಯದಾಯಿತು. ಮುಂದಿನ ತಿಂಗಳು ನೋಡೋಣ ಎಂದಿದ್ದ ಗುಂಡಿ ಎರಡೇ ದಿನದಲ್ಲಿ ಪ್ರತಿ ಟೇಬಲ್ಲಿನ ಪಕ್ಕಕ್ಕೂ ಬಂತು. ರೋಲರಿಗೆ ಜಾಲರಿಯ ಮುಚ್ಚಳ ಹಾಕಿದರು. ಎರಡು ಗಂಟೆಗೊಮ್ಮೆ ಟೇಪಿನವರು ಬೇರೆ ಕೆಲಸಕ್ಕೆ, ಬೇರೆಯವರು ಟೇಪಿಗೆ ಎಂದಾಯಿತು. ಗಂಟೆಯ ಲೆಕ್ಕವನ್ನು ಪೂರ್ತಿ ಅಲ್ಲದಿದ್ದರೂ ಸ್ವಲ್ಪ ಇಳಿಸಿದರು.

ಡಾಕ್ಟರ ಅದೇ ಕಾಗದದಲ್ಲಿ, ಇನ್ನು ಮುಂದೆ ಪ್ಯಾಕಿಂಗ್ ಕೆಲಸ ಕೂಡದು ಎಂದೂ ಇತ್ತು. ಲೈನ್ ಲೀಡರ್ ಆಗುವವರು ಎಲ್ಲ ಟೇಬಲ್ಲಿನ ಕೆಲಸವನ್ನೂ ಮಾಡಿ ತೋರಿಸಬೇಕು ಎಂಬುದು ಕಂಪನಿಯ ನಿಯಮ. ಹಳದಿ ಕೋಟು ಬೇರೆಯವಳಿಗೆ ಹೋಯಿತು.

ಒಂದು ಭಾನುವಾರ ಭದ್ರಾವತಿಗೆ ಹೋಗಿ ಅಕ್ಕನ ಮನೆ ಹುಡುಕಿದೆ. ಅವಳು ಹೊರಗಿನ ಕಟ್ಟೆಯ ಮೇಲೆ ಕೂತಿದ್ದಳು, ಬಲಗೈ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದಳು. ಕೂರು ಎಂದಳು. ಒಳಗೆ ಹೋಗಿ ಎಡಗೈಯಲ್ಲೇ ಕಾಫಿ ಲೋಟ ತಂದು ಮುಂದಿಟ್ಟಳು. ನಾನು ತಮಿಳಿನಲ್ಲಿ, “ಹೇಗಿದ್ದೀಯ ಅಕ್ಕ?” ಎಂದೆ.

“ಚೆನ್ನಾಗಿದೀನಿ ಅಮ್ಮ,” ಎಂದಳು ಕನ್ನಡದಲ್ಲಿ.

ಅಲ್ಲಿಯವರೆಗೆ ಅವಳು ನನ್ನೊಡನೆ ಒಂದು ವಾಕ್ಯವನ್ನೂ ಕನ್ನಡದಲ್ಲಿ ಆಡಿರಲಿಲ್ಲ. ಅವಳ ಕನ್ನಡ ಮುಗ್ಗರಿಸುತ್ತಿತ್ತು. ಆದರೂ ಪದ ಹುಡುಕಿ ಹುಡುಕಿ ಕನ್ನಡದಲ್ಲೇ ಮಾತಾಡಿದಳು.

“ನಾನು ಏನು ಹೇಳಿದೆ, ಅದು ಮಾತ್ರ ನೀನು ಹೇಳಬೇಕಿತ್ತು. ನೀನು ಹೇಳಿದ್ದು ಒಳ್ಳೇದಕ್ಕೆ. ಎಲ್ಲರೂ ಹೇಳ್ತಾರೆ, ಒಳ್ಳೇದಕ್ಕೆ. ಆದ್ರೆ ಅದು ನನ್ನ ಕೈ ಅಲ್ವಾ?”

“ಅವರು ಕಾಗದದಲ್ಲಿ ನಿನ್ನದೇ ತಪ್ಪು ಅಂತ ಬರೆದಿದ್ರು ಅಕ್ಕ.”

“ಬರೀಲಿ. ನನಗೆ ಬಂದು ಕೇಳಬಹುದಿತ್ತು. ಆಸ್ಪತ್ರೆ ಎಲ್ಲಿ ಅಂತ ನಿನಗೆ ಗೊತ್ತಿತ್ತು.”

ಅದು ನಿಜ. ದುರ್ಗಿಗುಡಿಯಿಂದ ಆಸ್ಪತ್ರೆ ದೂರವೇನಲ್ಲ. ಆ ಎರಡು ದಿನವೂ ನಾನು ಹೋಗಿರಲಿಲ್ಲ. ಹೋಗಬಹುದು ಎಂಬುದೇ ನನಗೆ ತೋಚಿರಲಿಲ್ಲ. ಕೆಲಸ ಮುಗಿಸಿ ಮನೆಗೆ ಬಂದು, ಬಟ್ಟೆ ಒಗೆದು, ಅತ್ತೆಗೆ ಮಾತ್ರೆ ಕೊಟ್ಟು ಮಲಗಿದ್ದೆ. ಕಾಫಿ ಕುಡಿದು ಎದ್ದೆ. ಅವಳು ಗೇಟಿನ ತನಕ ಬಂದಳು, ಅಷ್ಟು ಮಾಡಿದಳು.

ಮೂರು ತಿಂಗಳ ಮೇಲೆ ಅಕ್ಕ ಕೆಲಸಕ್ಕೆ ಮರಳಿದಳು. ಅಂಗಡಿಗಳಿಂದ ವಾಪಸು ಬಂದ ಸಾಮಾನು ನೋಡಿ ಬೇರೆ ಮಾಡುವ ಮೇಜು; ಕೂತು ಮಾಡುವ ಕೆಲಸ. ಊಟಕ್ಕೆ ನಾವು ಒಂದೇ ಬೆಂಚಿನಲ್ಲಿ ಕೂರುತ್ತಿದ್ದೆವು. ಚಿತ್ರಾನ್ನ ತಂದರೆ ನನಗೂ ಹಾಕುತ್ತಿದ್ದಳು. ಉಳಿದವರ ಜೊತೆ ತಮಿಳು, ನನ್ನ ಜೊತೆ ಕನ್ನಡ. ತಂಗಚ್ಚಿ ಎಂಬುದು ನಿಂತೇಹೋಯಿತು. ಅವಳ ಕನ್ನಡ ಮಾತ್ರ ದಿನೇ ದಿನೇ ಸುಧಾರಿಸಿತು.

ಆ ವರ್ಷದ ಕೊನೆಗೆ ಮೇಡಂ ಮತ್ತೆ ಬಂದಳು. ಈ ಸಲ ಯಾರನ್ನೂ ನಿಲ್ಲಿಸಿ ಕೇಳಲಿಲ್ಲ. ಒಂದೊಂದು ಹಾಳೆ ಕೊಟ್ಟಳು, ಅದರ ಮೇಲೆ ಮನುಷ್ಯನ ಮೈಯ ಚಿತ್ರ, ಪಕ್ಕದಲ್ಲಿ ಎರಡು ಅಂಗೈಗಳ ಚಿತ್ರ. ನೋವಿರುವ ಕಡೆ ಗೆರೆ, ಜೋಮಿರುವ ಕಡೆ ಪೂರ್ತಿ ಕಪ್ಪು. ಹೆಸರು ಬೇಡ. ಮನೆಗೆ ಕೊಂಡುಹೋಗಿ ತುಂಬಿ ಗೇಟಿನ ಒಳಗಿಟ್ಟ ಡಬ್ಬಿಗೆ ಹಾಕಿ, ಯಾರ ಹಾಳೆ ಯಾವುದು ಎಂದು ಕಂಪನಿ ಕೇಳುವಂತಿಲ್ಲ ಎಂದು ಮ್ಯಾನೇಜರ್ ಎದುರೇ ಹೇಳಿದಳು. ಮೂರು ಭಾಷೆಯಲ್ಲಿ ಅದನ್ನು ಹೇಳುವ ಕೆಲಸ ನನ್ನದಾಗಿತ್ತು.

ನನ್ನ ಹಾಳೆಯನ್ನು ಅಡಿಗೆಮನೆಯ ಕಟ್ಟೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದೆ. ಎಲ್ಲಿ ನೋಯುತ್ತದೆ ಎಂದು ನನಗೆ ನಾನೇ ಕೇಳಿಕೊಂಡು ವರ್ಷಗಳಾಗಿದ್ದವು. ಭುಜ ಒತ್ತಿ ನೋಡಿದೆ, ಮಣಿಕಟ್ಟು ತಿರುಗಿಸಿ ನೋಡಿದೆ. ಅತ್ತೆ ಬಂದು, “ಏನದು?” ಎಂದರು. ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ಚಿತ್ರ ನೋಡಿ, “ನಿಂಗೆ ಬಲಭುಜ ನೋಯುತ್ತೆ. ರೊಟ್ಟಿ ಬಡಿಯುವಾಗ ನಾನು ನೋಡಿದ್ದೀನಿ,” ಎಂದರು. ಅಲ್ಲಿ ಗೆರೆ ಎಳೆದೆ. ಎಳೆದ ಮೇಲೆ ಸಣ್ಣಗೆ ನೋಯುತ್ತಿದೆ ಅನ್ನಿಸಿತು.

ವಾರದ ಕೊನೆಗೆ ಮೇಡಂ ಮತ್ತು ನಾನು ಕ್ಯಾಂಟೀನಿನಲ್ಲಿ ಡಬ್ಬಿ ತೆರೆದು ಹಾಳೆಗಳನ್ನು ವಿಂಗಡಿಸಿದೆವು. ಗೆರೆ ಇಲ್ಲದ ಹಾಳೆ ಸಿಗಲಿಲ್ಲ. ಏನೂ ಇಲ್ಲ, ಚೆನ್ನಾಗಿದೆ ಎಂದು ನಾನೇ ದಾಟಿಸಿದ್ದ ಅಷ್ಟೂ ಜನ ಅಲ್ಲಿದ್ದರು. ಮಧ್ಯದಲ್ಲೊಂದು ಹಾಳೆ ಸಿಕ್ಕಿತು. ಬಲಗೈಯ ಮೂರು ಬೆರಳುಗಳನ್ನು ಪೆನ್ಸಿಲ್ಲಿನಲ್ಲಿ ಕಪ್ಪು ಮಾಡಿತ್ತು. ಎರಡು ಬೆರಳಿನ ತುದಿಯನ್ನು ಅಳಿಸಿ ತೆಗೆದಿತ್ತು. ಗೆರೆಗಳೆಲ್ಲ ಅಂಕುಡೊಂಕು, ರೂಢಿಯಿಲ್ಲದ ಕೈಯಲ್ಲಿ ಎಳೆದದ್ದು. ಎಡ ಅಂಗೈಯ ಹೆಬ್ಬೆರಳನ್ನೂ ಈಗ ಅರ್ಧ ಕಪ್ಪು ಮಾಡಿತ್ತು.

ಮೇಡಂ ಆ ಹಾಳೆಯನ್ನು ನೋಡಿದಳು, ನನ್ನನ್ನೂ ನೋಡಿದಳು. ಯಾರದೆಂದು ಕೇಳಲಿಲ್ಲ. ನಾನೂ ಹೇಳಲಿಲ್ಲ. ಕೈ ಜೋಮಿನ ಹಾಳೆಗಳ ಕಟ್ಟಿನಲ್ಲಿ ಅದನ್ನು ಸೇರಿಸಿದೆ. ಮುಂದಿನ ಸೋಮವಾರ ಆ ಕಟ್ಟಿನ ಆಧಾರದ ಮೇಲೆ ಕೈ ಪರೀಕ್ಷೆಗೆ ಶಿವಮೊಗ್ಗದಿಂದ ಡಾಕ್ಟರೊಬ್ಬರು ಬಂದರು, ಎಲ್ಲರನ್ನೂ ಸಾಲಾಗಿ ನೋಡಿದರು. ಅಕ್ಕ ಸಾಲಿನಲ್ಲಿ ಮೊದಲು ನಿಂತಿದ್ದಳು.